ಹುಲ್ಲಿಗೂ ಒಂದು ಹೆಪ್ಪು

ಇವತ್ತಿನ ಕಂತಿನಲ್ಲಿ ನಾವು ಮಾತಾಡೋದು ಹುಳಿ ಬಂದ ಹುಲ್ಲಿನ ಬಗ್ಗೆ. ಹಸಿರು ಹುಲ್ಲನ್ನು ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟರೆ ಅದು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಇದೇ ಸೈಲೇಜ್, ನಮ್ಮ ಕಡೆ ರಸಮೇವು ಅಂತಾರೆ. ಇದು ಕೆಟ್ಟರೆ ಹುಲ್ಲಿನ ಜೊತೆಗೆ ಒಂದು ಋತುವಿನ ಹಾಲೂ ಹೋದ ಹಾಗೆ.

ಮುಚ್ಚಿದ ಗುಂಡಿಯೊಳಗೆ ಏನಾಗುತ್ತೆ? ಗಾಳಿ ಇಲ್ಲದೆಯೂ ಬದುಕಬಲ್ಲ ಎರಡು ಗುಂಪುಗಳ ನಡುವೆ ಪೈಪೋಟಿ. ಒಂದು, ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಂಧುಗಳು. ಇವು ಹುಲ್ಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಸುಮಾರು 6 ಇದ್ದ ಪಿಎಚ್ 4ಕ್ಕೆ ಇಳಿಯುತ್ತದೆ, ಅಂದರೆ ಆಮ್ಲೀಯತೆ ನೂರು ಪಟ್ಟು ಹೆಚ್ಚುತ್ತದೆ. ಇನ್ನೊಂದು ಗುಂಪು ಕ್ಲಾಸ್ಟ್ರಿಡಿಯಾ. ಹುಳಿ ಬೇಗ ಏರದಿದ್ದರೆ ಇವು ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬ್ಯುಟಿರಿಕ್ ಆಮ್ಲ ಮಾಡುತ್ತವೆ, ಪ್ರೋಟೀನನ್ನು ಒಡೆದು ಅಮೋನಿಯಾ ಬಿಡುತ್ತವೆ. ಹಸು ಆ ನಾತಕ್ಕೆ ಮುಖ ತಿರುಗಿಸುತ್ತೆ. ಇವುಗಳ ಬೀಜಕಣಗಳು ಹಾಲಿಗೂ ಸೇರಿದರೆ ಚೀಸ್ ಉಬ್ಬಿ ಬಿರುಕು ಬಿಡುತ್ತದೆ. ಸ್ವಿಸ್ ಎಮೆಂಟಲ್ ಮತ್ತು ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸ್‌ಗೆ ಹಾಲು ಕೊಡುವ ಹಸುಗಳಿಗೆ ಸೈಲೇಜ್ ಹಾಕುವಂತಿಲ್ಲ.

ಮೊದಲ ಗುಂಪನ್ನು ಗೆಲ್ಲಿಸೋದು ಹೇಗೆ? ಒಂದು ದಾರಿ, ಆಮ್ಲವನ್ನು ನಾವೇ ಸುರಿಯೋದು. ಫಿನ್ಲೆಂಡ್‌ನ ಆರ್ತುರಿ ವಿರ್ತನೆನ್ 1920ರ ದಶಕದಲ್ಲಿ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳನ್ನು ಬಳಸಿ ಪಿಎಚ್ ಅನ್ನು 4ಕ್ಕಿಂತ ಕೆಳಗಿಳಿಸಿದರು. 1945ರ ರಸಾಯನಶಾಸ್ತ್ರ ನೊಬೆಲ್ ಅವರಿಗೆ ಬಂತು. ಪ್ರಶಸ್ತಿಯ ಕಾರಣದಲ್ಲೇ ಈ ಮೇವು ಸಂರಕ್ಷಣೆಯ ಉಲ್ಲೇಖವಿದೆ. ಮುಂದೆ ಆ ಜಾಗಕ್ಕೆ ಫಾರ್ಮಿಕ್ ಆಮ್ಲ ಬಂತು.

ಎರಡನೇ ದಾರಿ ಹೆಪ್ಪು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟೇರಮ್ ಒಂದು ಗ್ಲೂಕೋಸ್‌ನಿಂದ ಎರಡು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಅನಿಲವಾಗಿ ಏನೂ ಪೋಲಾಗೋದಿಲ್ಲ. ಪ್ರತಿ ಗ್ರಾಂ ಹುಲ್ಲಿಗೆ ಸುಮಾರು 1 ಲಕ್ಷ ಜೀವಕೋಶ ಸೇರಿಸೋದು ರೂಢಿ.

ಆದರೆ ಹೆಪ್ಪಿಗೂ ಊಟ ಬೇಕಲ್ಲ? ಯೂರೋಪಿನ ರೈಗ್ರಾಸ್ ನೀರಲ್ಲಿ ಕರಗುವ ಫ್ರಕ್ಟಾನ್ ಕೂಡಿಡುತ್ತದೆ. ನಮ್ಮ ನೇಪಿಯರ್‌ನಂಥ ಉಷ್ಣವಲಯದ ಹುಲ್ಲು ಪಿಷ್ಟ ಕೂಡಿಡುತ್ತದೆ, ಅದನ್ನು ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬಳಸಲಾರವು. ಅದಕ್ಕೇ ಅಲ್ಲಿ ಕಾಕಂಬಿ ಬೆರೆಸೋದು. ಸಕ್ಕರೆಯಿಲ್ಲದ ಹುಲ್ಲಿಗೆ ದುಬಾರಿ ಹೆಪ್ಪು ಹಾಕಿದರೆ ದುಡ್ಡು ದಂಡ.

ಇನ್ನೊಂದು ವಿಚಿತ್ರ ನೋಡಿ. ತುಂಬಾ ಚೆನ್ನಾಗಿ ಹುಳಿ ಬಂದ ಸೈಲೇಜ್, ಗುಂಡಿ ತೆರೆದ ಮೇಲೆ ಬೇಗ ಬಿಸಿಯೇರಿ ಕೆಡಬಹುದು! ಗಾಳಿ ಸಿಕ್ಕ ಯೀಸ್ಟ್‌ಗಳಿಗೆ ಲ್ಯಾಕ್ಟಿಕ್ ಆಮ್ಲ ಒಳ್ಳೇ ಊಟ. ಇದಕ್ಕೆ ಬುಕ್ನರಿ ಎಂಬ ಇನ್ನೊಂದು ಪ್ರಭೇದವಿದೆ. ಅದು ಲ್ಯಾಕ್ಟಿಕ್ ಆಮ್ಲದ ಒಂದು ಪಾಲನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ಅಸಿಟಿಕ್ ಆಮ್ಲ ಯೀಸ್ಟನ್ನು ತಡೆಯುತ್ತದೆ. ಆದರೆ ಇದು ನಿಧಾನಿ. ಫಲ ಕಾಣೋಕೆ ಒಂದೂವರೆ, ಎರಡು ತಿಂಗಳು ಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೊದಲು ತೊಂದರೆ ಯಾವುದು ಅಂತ ನೋಡಬೇಕು. ಬಾಡಿಸಲಾಗದ ಒದ್ದೆ ಹುಲ್ಲಿಗೆ ಆಮ್ಲ, ಸಕ್ಕರೆ ಕಡಿಮೆಯಿದ್ದರೆ ಕಾಕಂಬಿ, ಸಕ್ಕರೆಯಿದ್ದರೆ ಪ್ಲಾಂಟೇರಮ್, ತೆರೆದ ಮೇಲೆ ಕೆಡುತ್ತಿದ್ದರೆ ಬುಕ್ನರಿ. ಇವೆಲ್ಲಕ್ಕೂ ಮುಂಚೆ ಹುಲ್ಲನ್ನು ಶೇ. 30ರಷ್ಟು ಒಣ ಅಂಶ ಬರುವವರೆಗೆ ಬಾಡಿಸಿ, ಸಣ್ಣಗೆ ಕತ್ತರಿಸಿ, ಗಟ್ಟಿಯಾಗಿ ತುಳಿದು, ಬಿಗಿಯಾಗಿ ಮುಚ್ಚಬೇಕು. ಗಾಳಿ ನುಗ್ಗುವ ಗುಂಡಿಯನ್ನು ಯಾವ ಪೊಟ್ಟಣವೂ ಕಾಪಾಡಲ್ಲ.

ಊರಲ್ಲಿ ಹಸು ಸಾಕಿರುವವರು ನಿಮ್ಮ ಬಳಗದಲ್ಲಿದ್ದರೆ ಈ ಕಂತನ್ನು ಅವರಿಗೂ ಕೇಳಿಸಿ. ಮತ್ತೆ ಸಿಗೋಣ.