ದುಃಖಕ್ಕೂ ಒಂದು ನಡಿಗೆ ಇದೆ

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಪದ್ಯಕ್ಕೆ ಪ್ರಸ್ತಾರ ಹಾಕಿಸುತ್ತಿದ್ದುದು ನೆನಪಿದೆಯಾ? ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಈಗ ಮೇಜಿನ ಮೇಲೆ ಬೆರಳಿನಿಂದ ಹೀಗೆ ತಟ್ಟಿ ನೋಡಿ: ಗುರು, ಲಘು, ಲಘು, ಗುರು, ಗುರು. ಒಂದು ಭಗಣ, ಅದರ ಹಿಂದೆ ಎರಡು ಗುರು. ಒಟ್ಟು ಎಂಟು ಮಾತ್ರೆ. ನಿಲ್ಲಿಸದೆ ತಟ್ಟುತ್ತಾ ಹೋಗಿ. ಬೀಥೋವನ್‌ನ ಏಳನೇ ಸಿಂಫನಿಯ ಎರಡನೇ ಭಾಗ ನಿಂತಿರುವುದು ಇದೇ ಲಯದ ಮೇಲೆ.

ಸಿಂಫನಿ ಎಂದರೆ ದೊಡ್ಡ ವಾದ್ಯವೃಂದಕ್ಕಾಗಿ ಬರೆದ ಕೃತಿ. ಸಾಮಾನ್ಯವಾಗಿ ಅದರಲ್ಲಿ ನಾಲ್ಕು ಭಾಗಗಳು. ಒಂದೊಂದಕ್ಕೂ ತನ್ನದೇ ವೇಗ, ತನ್ನದೇ ಭಾವ. ನಾನು ಹೇಳುತ್ತಿರುವ ಭಾಗ ಶುರುವಾಗುವುದು ಊದುವ ವಾದ್ಯಗಳ ಒಂದೇ ಒಂದು ನಿಟ್ಟುಸಿರಿನಂಥ ನಾದದಿಂದ. ಅದು ಕರಗಿದ ಮೇಲೆ ವಿಯೋಲಾ, ಚೆಲ್ಲೊ, ಡಬಲ್ ಬಾಸ್‌ಗಳು ಆ ಎಂಟು ಮಾತ್ರೆಯನ್ನು ಮೆಲ್ಲಗೆ ನುಡಿಸುತ್ತವೆ. ಮೊದಮೊದಲು ಅದರಲ್ಲಿ ರಾಗ ಅನ್ನುವಂಥದ್ದೇ ಕಡಿಮೆ, ಒಂದೇ ಸ್ವರ ಮತ್ತೆ ಮತ್ತೆ ಬರುತ್ತದೆ. ಆಮೇಲೆ ಅದರ ಜೊತೆಗೆ ಇನ್ನೊಂದು ಉದ್ದನೆಯ ಧಾಟಿ ಸೇರಿಕೊಳ್ಳುತ್ತದೆ. ಪಿಟೀಲುಗಳು ಒಂದೊಂದು ಗುಂಪಾಗಿ ಬರುತ್ತವೆ. ಕೊನೆಗೆ ಇಡೀ ವಾದ್ಯವೃಂದ ಅದೇ ಲಯವನ್ನು ಎತ್ತಿಕೊಳ್ಳುತ್ತದೆ.

ಇದರ ಸ್ವರನೆಲೆ ಎ ಮೈನರ್. ಮೈನರ್ ಅಂದರೆ ದುಃಖ, ಮೇಜರ್ ಅಂದರೆ ಖುಷಿ ಎಂಬ ಸೂತ್ರವನ್ನು ನೀವೂ ಕೇಳಿರಬಹುದು. ಸಂಗೀತ ಕಲಿತವರಿಗೆ ಹೇಳುವುದಾದರೆ, ಸ್ವಾಭಾವಿಕ ಮೈನರ್ ಸ್ವರಸಾಲು ನಮ್ಮ ನಠಭೈರವಿಗೆ ಹೊಂದುತ್ತದೆ, ಮೇಜರ್ ಶಂಕರಾಭರಣಕ್ಕೆ. ಮುಖ್ಯ ವ್ಯತ್ಯಾಸ ಗಾಂಧಾರದಲ್ಲಿದೆ: ಮೈನರ್‌ನಲ್ಲಿ ಸಾಧಾರಣ ಗಾಂಧಾರ, ಮೇಜರ್‌ನಲ್ಲಿ ಅಂತರ ಗಾಂಧಾರ. ಷಡ್ಜವನ್ನು 440 ಹರ್ಟ್ಸ್‌ಗೆ ಇಟ್ಟರೆ ಮೊದಲನೆಯದು ಸುಮಾರು 523, ಎರಡನೆಯದು ಸುಮಾರು 554. ಮೂವತ್ತೊಂದು ಹರ್ಟ್ಸ್ ವ್ಯತ್ಯಾಸಕ್ಕೆ ಮನಸ್ಸಿನ ಬಣ್ಣವೇ ಬದಲಾಗುತ್ತದೆ!

ಬೀಥೋವನ್ ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾನೆ. ನಡುವೆ ಸಂಗೀತ ಎ ಮೇಜರ್‌ಗೆ ತಿರುಗುತ್ತದೆ. ಕ್ಲಾರಿನೆಟ್ ಮತ್ತು ಬಸೂನ್ ಮೋಡ ಸರಿದು ಬಿಸಿಲು ಬಂದಂತೆ ಹಾಡುತ್ತವೆ. ಆದರೆ ಕಿವಿಗೊಟ್ಟು ಕೇಳಿ, ಕೆಳಗೆ ಬಾಸ್ ತಂತಿಗಳು ಅದೇ ಹಳೆಯ ಲಯವನ್ನು ಮೀಟುತ್ತಲೇ ಇರುತ್ತವೆ. ಅಂದರೆ ಭಾವವನ್ನು ತೀರ್ಮಾನಿಸುವುದು ಸ್ವರನೆಲೆ ಒಂದೇ ಅಲ್ಲ, ನಡಿಗೆಯೂ ಹೌದು. ಹಾಗಾದರೆ ಆ ನಡಿಗೆಯ ವೇಗ ಎಷ್ಟು?

ಉತ್ತರವನ್ನು ಬೀಥೋವನ್ನೇ ಕೊಟ್ಟಿದ್ದಾನೆ. ಈ ಸಿಂಫನಿಯ ಮೊದಲ ಪ್ರದರ್ಶನ ನಡೆದದ್ದು 1813ರ ಡಿಸೆಂಬರ್ 8ರಂದು, ವಿಯೆನ್ನಾದಲ್ಲಿ. ಹನಾವು ಯುದ್ಧದಲ್ಲಿ ಗಾಯಗೊಂಡ ಸೈನಿಕರ ನೆರವಿಗಾಗಿ ಏರ್ಪಡಿಸಿದ್ದ ಕಛೇರಿ ಅದು. ನಿರ್ದೇಶಿಸಿದವನು ಕಿವಿ ಬಹುಮಟ್ಟಿಗೆ ಕೇಳದ ಬೀಥೋವನ್. ಎರಡನೇ ಭಾಗ ಮುಗಿಯುತ್ತಿದ್ದಂತೆ ಜನ ಅದನ್ನೇ ಇನ್ನೊಮ್ಮೆ ನುಡಿಸುವಂತೆ ಕೇಳಿದರು. ಕಛೇರಿಯ ಏರ್ಪಾಡಿನಲ್ಲಿದ್ದವನು ಮೆಲ್ಟ್ಸೆಲ್ ಎಂಬ ಯಂತ್ರಪ್ರೇಮಿ. ಮುಂದೆ ಮೆಟ್ರೊನೋಮ್‌ಗೆ ಪೇಟೆಂಟ್ ಪಡೆದವನೂ ಅವನೇ. 1817ರಲ್ಲಿ ಬೀಥೋವನ್ ತನ್ನ ಎಂಟು ಸಿಂಫನಿಗಳಿಗೆ ಮೆಟ್ರೊನೋಮ್ ಅಂಕಿಗಳನ್ನು ಪ್ರಕಟಿಸಿದ. ಈ ಭಾಗಕ್ಕೆ ಕೊಟ್ಟ ಅಂಕಿ 76. ಅಂದರೆ ನಿಮಿಷಕ್ಕೆ 76 ಗುರು. ಮೇಲೆ ಬರೆದ ಸೂಚನೆ ‘ಅಲೆಗ್ರೆಟ್ಟೊ’, ಸ್ವಲ್ಪ ಚುರುಕಾಗಿ ಎಂದು.

ನಮ್ಮಂಥವರ ಕೈಗೆ ಅಂಕಿ ಸಿಕ್ಕರೆ ಲೆಕ್ಕ ಹಾಕದೆ ಬಿಡುತ್ತೇವಾ? ಈ ಭಾಗದಲ್ಲಿ 278 ಪಟ್ಟಿಗಳು, ಪಟ್ಟಿಗೆ ಎರಡು ತಾಳ, ಒಟ್ಟು 556. ಭಾಗಿಸು 76. ಸುಮಾರು 7 ನಿಮಿಷ 19 ಸೆಕೆಂಡ್. ಈಗ ರೆಕಾರ್ಡಿಂಗ್‌ಗಳಿಗೆ ಬನ್ನಿ. ಕಾರ್ಲೋಸ್ ಕ್ಲೈಬರ್ 1975–76ರಲ್ಲಿ ವಿಯೆನ್ನಾ ಫಿಲ್ಹಾರ್ಮೊನಿಕ್ ಜೊತೆ ಮಾಡಿದ ರೆಕಾರ್ಡಿಂಗ್ 8 ನಿಮಿಷದ ಆಸುಪಾಸು. ಅದೇ ವಾದ್ಯವೃಂದದೊಂದಿಗೆ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ 1950ರಲ್ಲಿ ಮಾಡಿದ್ದು 10 ನಿಮಿಷದ ಆಸುಪಾಸು. ಸ್ವರ ಒಂದೂ ಬದಲಾಗಿಲ್ಲ. ಆದರೆ ಒಂದರಲ್ಲಿ ಜನ ತಲೆ ತಗ್ಗಿಸಿ ನಡೆದು ಹೋಗುತ್ತಿದ್ದಾರೆ, ಇನ್ನೊಂದರಲ್ಲಿ ಹೆಗಲ ಮೇಲೆ ಭಾರ ಹೊತ್ತಿದ್ದಾರೆ.

ನನ್ನ ರೂಮ್‌ಮೇಟ್‌ಗೆ ಎರಡನೆಯದೇ ಇಷ್ಟ. ‘ಇದು ಸಾವಿನ ಮೆರವಣಿಗೆ ಕಣೋ, ಓಡಿಸಿದ್ರೆ ಹೆಂಗೆ?’ ಅನ್ನುತ್ತಾನೆ. ಫುರ್ಟ್‌ವೆಂಗ್ಲರ್ ಕೇಳುವಾಗ ನನಗೂ ಗಂಟಲು ಕಟ್ಟುತ್ತದೆ, ಇಲ್ಲ ಎನ್ನಲಾರೆ. ಆದರೂ ನಾನು 76ರ ಕಡೆಯವನು. ಅದಕ್ಕೆ ಕಾರಣವಿದೆ.

ಮೂರನೇ ಸೆಮಿಸ್ಟರಿನಲ್ಲಿ ನನ್ನ ಅಜ್ಜ ತೀರಿಕೊಂಡರು. ತಿಥಿ ಮುಗಿಸಿ ಹಾಸ್ಟೆಲ್‌ಗೆ ಮರಳಿದ ಮೂರನೇ ದಿನಕ್ಕೆ ಇಂಟರ್ನಲ್ಸ್. ಅಳುತ್ತಾ ಕೂರಲು ಪುರುಸೊತ್ತಿಲ್ಲ, ಮರೆತು ಓದಲು ಮನಸ್ಸಿಲ್ಲ. ‘ಇನ್ನು ಅದನ್ನೆಲ್ಲ ಬಿಡಪ್ಪ’ ಎನ್ನುವವರು ಒಂದು ಕಡೆ, ‘ನಗ್ತಾನೆ ನೋಡು, ಇಷ್ಟು ಬೇಗ ಮರೆತ’ ಎನ್ನುವವರು ಇನ್ನೊಂದು ಕಡೆ. ಆ ವಾರಗಳಲ್ಲಿ ಹಾಸ್ಟೆಲ್‌ನಿಂದ ಕ್ಲಾಸಿಗೆ ನಡೆಯುವಾಗ ಕ್ಲೈಬರ್ ರೆಕಾರ್ಡಿಂಗ್ ಕೇಳುತ್ತಿದ್ದೆ. ಗೊತ್ತಿಲ್ಲದೆಯೇ ಹೆಜ್ಜೆಗಳು ಅದರ ತಾಳಕ್ಕೆ ಬೀಳುತ್ತಿದ್ದವು. ಆ ಸಂಗೀತ ನನಗೆ ಸಮಾಧಾನ ಹೇಳಲಿಲ್ಲ, ದುಃಖ ಬಿಡು ಎಂದೂ ಹೇಳಲಿಲ್ಲ. ದುಃಖವನ್ನು ಜೊತೆಗಿಟ್ಟುಕೊಂಡೇ ನಡೆಯಬಹುದು ಎಂದು ಕಾಲಿಗೆ ತಿಳಿಸಿತು. ಗಾಯಾಳುಗಳ ನೆರವಿಗೆ ಬಂದ ಜನ ಅಂದು ಇದನ್ನೇ ಮತ್ತೊಮ್ಮೆ ಕೇಳಬಯಸಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಮ್ಯೂಸಿಕ್ ಆ್ಯಪ್‌ಗಳು ಹಾಡುಗಳನ್ನು ‘ಸ್ಯಾಡ್’, ‘ಹ್ಯಾಪಿ’ ಎಂದು ಡಬ್ಬಗಳಿಗೆ ಹಾಕಿ ಕೊಡುತ್ತವೆ. ಈ ಎಂಟು ನಿಮಿಷ ಯಾವ ಡಬ್ಬಕ್ಕೂ ಸರಿಯಾಗಿ ಕೂರುವುದಿಲ್ಲ. ಕೊನೆಗೂ ಅದು ಖುಷಿಯಲ್ಲಿ ಮುಗಿಯುವುದಿಲ್ಲ. ಶುರುವಿನ ಅದೇ ನಿಟ್ಟುಸಿರು ಮತ್ತೆ ಬರುತ್ತದೆ, ಅಷ್ಟೆ.

ಇವತ್ತು ರಾತ್ರಿ ಪುರುಸೊತ್ತಿದ್ದರೆ ಎರಡೂ ರೆಕಾರ್ಡಿಂಗ್ ಹುಡುಕಿ. ಫುರ್ಟ್‌ವೆಂಗ್ಲರ್ ಅವರನ್ನು ದೀಪ ಆರಿಸಿ, ಕುಳಿತು ಕೇಳಿ. ಕ್ಲೈಬರ್ ಅವರನ್ನು ನಾಳೆ ಬೆಳಿಗ್ಗೆ ಕಾಲೇಜಿಗೆ ನಡೆಯುತ್ತಾ ಕೇಳಿ. ನಿಮ್ಮ ಹೆಜ್ಜೆ ಯಾವುದಕ್ಕೆ ಕೂಡುತ್ತದೋ ಅದೇ ನಿಮ್ಮದು.