ಉಗ್ರಾಣದ ಕೀಲಿಯೂ ಗಲ್ಲಾದ ಕೀಲಿಯೂ

ಹೋಟೆಲಿನ ವ್ಯವಹಾರವನ್ನು ಬಲ್ಲ ವಾಚಕ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಗ್ರಾಣದ ಕೀಲಿ ಉಗ್ರಾಣಿಯಲ್ಲಿಯೂ, ಗಲ್ಲಾದ ಕೀಲಿ ಗಲ್ಲಾದ ಮೇಲೆ ಕುಳಿತವನಲ್ಲಿಯೂ ಇರತಕ್ಕದ್ದು. ಎರಡೂ ಒಂದೇ ಗೊಂಚಲಿನಲ್ಲಿದ್ದು ನಾಲ್ವರ ಕೈಯಲ್ಲಿ ಓಡಾಡುತ್ತಿದ್ದರೆ, ಹಣ ಕಡಮೆ ಬಿದ್ದ ದಿನ ನಾಲ್ವರೂ ತಲೆ ತಗ್ಗಿಸಬೇಕಾಗುತ್ತದೆ. ಮೂವರು ನಿರಪರಾಧಿಗಳಾಗಿದ್ದರೂ ಅಪವಾದ ತಪ್ಪದು.

ಬ್ಯಾಂಕು, ವಿಮಾ ಕಂಪೆನಿಗಳ ಲೆಕ್ಕಪತ್ರಗಳನ್ನು ಹೊತ್ತಿರುವ ‘ಮೇನ್‌ಫ್ರೇಮ್’ ಗಣಕಯಂತ್ರಗಳಲ್ಲಿಯೂ ಇದೇ ಸಮಸ್ಯೆ. ಐ.ಬಿ.ಎಂ. ಸಂಸ್ಥೆ 1964ರಲ್ಲಿ ಪ್ರಕಟಿಸಿದ ಸಿಸ್ಟಮ್/360ರ ವಂಶಕ್ಕೆ ಸೇರಿದ ಯಂತ್ರಗಳಲ್ಲಿ ಇಂದು ಝಡ್/ಓಎಸ್ ಎಂಬ ಕಾರ್ಯವ್ಯವಸ್ಥೆ ನಡೆಯುತ್ತಿದೆ. ಅದರೊಳಗೆ ಯುನಿಕ್ಸ್ ವಿಭಾಗವೊಂದುಂಟು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್‌ನ ಸಂಪ್ರದಾಯದಂತೆ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ. 0 ಸಂಖ್ಯೆಯುಳ್ಳವನು ‘ಸೂಪರ್‌ಯೂಸರ್’, ಅರ್ಥಾತ್ ಸರ್ವಾಧಿಕಾರಿ. ಆ ವಿಭಾಗದೊಳಗೆ ಅವನಿಗೆ ತೆರೆಯದ ಬಾಗಿಲಿಲ್ಲ.

ಆದರೆ ಒಬ್ಬ ನೌಕರನಿಗೆ ಬೇಕಾದದ್ದು ಕಡತಗಳ ಭಂಡಾರವನ್ನು ಯಂತ್ರಕ್ಕೆ ಜೋಡಿಸುವ ಅಧಿಕಾರ ಮಾತ್ರ. ಇನ್ನೊಬ್ಬನಿಗೆ, ಸಿಕ್ಕಿಕೊಂಡ ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರ. ಇಷ್ಟಕ್ಕಾಗಿ 0 ಸಂಖ್ಯೆಯನ್ನೇ ಕೊಡುವುದೆಂದರೆ, ಸೇರಕ್ಕಿ ತರಲು ಹೋದವನ ಮುಂದೆ ಗಲ್ಲಾವನ್ನೂ ತೆರೆದಿಟ್ಟಂತೆ. ಹಲವರು ಆ ಸಂಖ್ಯೆಯನ್ನು ಹಂಚಿಕೊಂಡರಂತೂ, ಕಡತದ ಒಡೆಯ 0 ಎಂದು ಕಂಡಾಗ ಅವನಾರೆಂದು ಹೇಳಲಾಗದು.

ಇದಕ್ಕೆ ಪರಿಹಾರ 1976ರಲ್ಲಿ ಬಂದ ‘ರ‍್ಯಾಕ್‌ಎಫ್’ ಎಂಬ ರಕ್ಷಣಾವ್ಯವಸ್ಥೆಯಲ್ಲಿಯೇ ಮುಂದೆ ಸೇರಿತು. ಅದರ ‘ಯುನಿಕ್ಸ್‌ಪ್ರಿವ್’ ವರ್ಗವು ಸರ್ವಾಧಿಕಾರವನ್ನು ಬಿಡಿಬಿಡಿಯಾಗಿ ವಿಂಗಡಿಸುತ್ತದೆ. ಜೋಡಿಸಲು ಒಂದು ಅನುಮತಿ, ನಿಲ್ಲಿಸಲು ಒಂದು, ಕಡತದ ಒಡೆತನ ಬದಲಿಸಲು ಮತ್ತೊಂದು. ಪೂರ್ಣಾಧಿಕಾರ ಅನಿವಾರ್ಯವಾದಾಗ, ಅನುಮತಿಯುಳ್ಳ ನೌಕರನು ತನ್ನ ಹೆಸರಿನಿಂದಲೇ ಒಳಬಂದು, ತಾತ್ಕಾಲಿಕವಾಗಿ ಅದನ್ನು ಧರಿಸಿ, ಕೆಲಸ ಮುಗಿದೊಡನೆ ಕಳಚಿಡಬಹುದು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ ಎಂಬ ಈ ತತ್ತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದ್ದರು.

ವಿಂಗಡಿಸಿದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದಲ್ಲ. ಬಿಡಿ ಅನುಮತಿಗಳಲ್ಲಿಯೂ ತಾರತಮ್ಯವುಂಟು. ಎಲ್ಲ ಕಡತಗಳನ್ನೂ ತಿದ್ದಬಲ್ಲವನು ಸರ್ವಾಧಿಕಾರಿಗೆ ಬಹು ದೂರದವನಲ್ಲ. ನೌಕರನು ಬೇರೆ ವಿಭಾಗಕ್ಕೆ ಹೋದಾಗ ಹಳೆಯ ಅನುಮತಿಯನ್ನು ಹಿಂತೆಗೆದುಕೊಳ್ಳಲು ಮರೆತರೆ, ಕೀಲಿಗಳು ಮತ್ತೆ ಒಂದೇ ಗೊಂಚಲಿಗೆ ಸೇರುತ್ತವೆ.

ಅಧಿಕಾರಕ್ಕೆ ಮಿತಿ ಹಾಕುವುದನ್ನು ಕೆಲವರು ಅವಿಶ್ವಾಸವೆಂದು ನೊಂದುಕೊಳ್ಳುವುದುಂಟು. ಗುಮಾಸ್ತೆಯಾಗಲಿ, ಮಾಣಿಯಾಗಲಿ, ದಿನದ ಕೊನೆಗೆ ನಿಶ್ಚಿಂತೆಯಿಂದ ಮನೆಗೆ ಹೋಗುವಂತಾಗಲು ಆ ಮಿತಿಯೇ ಆಧಾರ. ತನ್ನಲ್ಲಿಲ್ಲದ ಕೀಲಿಗೆ ಯಾರೂ ಉತ್ತರ ಹೇಳಬೇಕಾಗಿಲ್ಲ.