ತಡವಾಗಿ ತಲುಪಿದ ದನಿ: ರಾಬರ್ಟ್ ವಯಾಟ್ ಮತ್ತು ‘ರಾಕ್ ಬಾಟಮ್’

ಹದಿನೆಂಟರ ಹರೆಯದಲ್ಲಿ ಮೆಚ್ಚಿದ ಸಂಗೀತವೇ ಕಡೆಯವರೆಗೂ ನಮ್ಮದಾಗಿ ಉಳಿಯುತ್ತದೆ ಎಂಬ ಮಾತಿದೆ. ಕಾಲೇಜು ದಿನಗಳಲ್ಲಿ ಗೆಳೆಯರಿಂದ ಎರವಲು ಪಡೆದು ಕೇಳಿದ್ದನ್ನೇ ಹಲವರು ನಲವತ್ತು ದಾಟಿದ ಮೇಲೂ ಕೇಳುತ್ತಿರುತ್ತಾರೆ. ಆದರೆ ಕೆಲವು ಸಂಗೀತಗಾರರು ಈ ನಿಯಮಕ್ಕೆ ಹೊರತು. ಅವರು ಕೇಳುಗನ ಬಳಿಗೆ ತಡವಾಗಿ ಬರುತ್ತಾರೆ. ಬಂದ ಮೇಲೆ ಬಿಟ್ಟು ಹೋಗುವುದಿಲ್ಲ. ಇಂಗ್ಲೆಂಡಿನ ರಾಬರ್ಟ್ ವಯಾಟ್ ಅಂಥವರಲ್ಲೊಬ್ಬರು.

ಈ ವರದಿಗಾರನಿಗೆ ವಯಾಟ್ ಪರಿಚಯವಾದದ್ದು ಮೂವತ್ತೈದರ ಆಸುಪಾಸಿನಲ್ಲಿ. ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಸ್ ವಾದಕ ನಿಕ್ ಮೇಸನ್ ತಮ್ಮ ತಂಡದ ಹೊರಗೆ ಏನೇನು ಮಾಡಿದ್ದಾರೆ ಎಂದು ಹುಡುಕುತ್ತಿದ್ದಾಗ, ಅವರು ನಿರ್ಮಿಸಿದ ‘ರಾಕ್ ಬಾಟಮ್’ ಎಂಬ ಆಲ್ಬಂನ ಹೆಸರು ಕಣ್ಣಿಗೆ ಬಿತ್ತು. ಹಾಡು ಕೇಳುವ ಮೊದಲೇ ಅದರ ಹಿಂದಿನ ಕಥೆಯನ್ನು ಓದಿದ್ದಾಯಿತು. ಡ್ರಮ್ಸ್ ವಾದಕನೊಬ್ಬ ಕಿಟಕಿಯಿಂದ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ. ಆ ನೋವಿನಿಂದಲೇ ಈ ಆಲ್ಬಂ ಹುಟ್ಟಿತು ಎಂಬುದು ಆ ಕಥೆ. ರಾತ್ರಿ ಪಾಳಿ ಮುಗಿಸಿ ಬಂದು ಕೇಳಿದಾಗ ಪ್ರತಿ ಸ್ವರದಲ್ಲೂ ಅಪಘಾತವೇ ಕೇಳಿಸಿತು.

ಹಾಗೆ ಕೇಳಿಸಿಕೊಂಡದ್ದು ಅರ್ಧ ತಪ್ಪು ಎಂದು ತಿಳಿಯಲು ಕೆಲವು ತಿಂಗಳು ಬೇಕಾಯಿತು. ತಡವಾಗಿ ಬರುವ ಕೇಳುಗನಿಗೆ ಎದುರಾಗುವ ತೊಡಕೇ ಇದು: ಸಂಗೀತಕ್ಕಿಂತ ಮೊದಲು ದಂತಕಥೆ ಕೈಗೆ ಸಿಗುತ್ತದೆ.

ಏನಿದು ಪ್ರೊಗ್ರೆಸಿವ್ ರಾಕ್?

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ಸಂಗೀತ ಪ್ರಕಾರವಿದು. ರೇಡಿಯೋಕ್ಕೆ ಹೊಂದುವಂಥ ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದು, ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಂಶಗಳನ್ನು ಬೆರೆಸಿ, ಹದಿನೈದು-ಇಪ್ಪತ್ತು ನಿಮಿಷಗಳ ದೀರ್ಘ ರಚನೆಗಳನ್ನು ಕಟ್ಟಿದ್ದು ಇದರ ವಿಶೇಷ. ಸರಳ ನಾಲ್ಕರ ಲೆಕ್ಕದ ಬದಲು ಐದು, ಏಳರ ಲೆಕ್ಕದ ತಾಳಗಳೂ ಇಲ್ಲಿ ಸಾಮಾನ್ಯ. ಪಿಂಕ್ ಫ್ಲಾಯ್ಡ್, ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್ ಈ ಪ್ರಕಾರದ ಪ್ರಸಿದ್ಧ ತಂಡಗಳು. ಕೆಂಟ್ ಪ್ರಾಂತ್ಯದ ಕ್ಯಾಂಟರ್ಬರಿ ಪಟ್ಟಣದಲ್ಲಿ ಇದರದೇ ಒಂದು ಕವಲು ಚಿಗುರಿತು. ಅದರಲ್ಲಿ ಜಾಝ್‌ನ ಪ್ರಭಾವ ಹೆಚ್ಚು, ಆಡಂಬರ ಕಡಿಮೆ, ತುಂಟತನ ಧಾರಾಳ. ವಯಾಟ್ ಈ ಕವಲಿಗೆ ಸೇರಿದವರು.

ಇಷ್ಟಕ್ಕೂ ಯಾರೀ ವಯಾಟ್?

1945ರ ಜನವರಿ 28ರಂದು ಬ್ರಿಸ್ಟಲ್‌ನಲ್ಲಿ ಜನಿಸಿದ ವಯಾಟ್ ಬೆಳೆದದ್ದು ಕೆಂಟ್‌ನಲ್ಲಿ. 1966ರಲ್ಲಿ ಗೆಳೆಯರೊಡನೆ ‘ಸಾಫ್ಟ್ ಮಷೀನ್’ ತಂಡ ಕಟ್ಟಿದರು. ಅಲ್ಲಿ ಅವರು ಡ್ರಮ್ಸ್ ನುಡಿಸುತ್ತಲೇ ಹಾಡುತ್ತಿದ್ದರು. 1968ರಲ್ಲಿ ಈ ತಂಡ ಜಿಮಿ ಹೆಂಡ್ರಿಕ್ಸ್ ಜತೆ ಅಮೆರಿಕ ಪ್ರವಾಸ ಮಾಡಿತು. 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಶಾಸ್ತ್ರೀಯ ಸಂಗೀತಕ್ಕೆ ಹೆಸರಾದ ಪ್ರಾಮ್ಸ್ ಉತ್ಸವದಲ್ಲೂ ನುಡಿಸಿತು.

ಆದರೆ ತಂಡ ಹಾಡನ್ನು ಬಿಟ್ಟು ವಾದ್ಯಸಂಗೀತದ ಕಡೆಗೆ ವಾಲಿದಂತೆ ವಯಾಟ್ ಒಂಟಿಯಾದರು. 1971ರಲ್ಲಿ ಹೊರಬಂದು ‘ಮ್ಯಾಚಿಂಗ್ ಮೋಲ್’ ಎಂಬ ಹೊಸ ತಂಡ ಕಟ್ಟಿದರು. ಈ ಹೆಸರೇ ಒಂದು ಚೇಷ್ಟೆ. ‘ಸಾಫ್ಟ್ ಮಷೀನ್’ ಎಂಬುದನ್ನು ಫ್ರೆಂಚ್ ಭಾಷೆಗೆ ತಿರುಗಿಸಿದರೆ ‘ಮಷೀನ್ ಮೋಲ್’ ಎಂದಾಗುತ್ತದೆ. ಅದನ್ನೇ ಇಂಗ್ಲಿಷ್ ಕಿವಿಗೆ ಒಗ್ಗಿಸಿದರೆ ‘ಮ್ಯಾಚಿಂಗ್ ಮೋಲ್’!

1973ರ ಜೂನ್ 1

ಅಂದು ರಾತ್ರಿ ಲಂಡನ್ನಿನ ಮನೆಯೊಂದರಲ್ಲಿ ಪಾರ್ಟಿ ನಡೆದಿತ್ತು. ಪಾನಮತ್ತರಾಗಿದ್ದ ವಯಾಟ್ ಮೇಲಂತಸ್ತಿನ ಕಿಟಕಿಯಿಂದ ಕೆಳಗೆ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗಿನ ಭಾಗದ ಸ್ವಾಧೀನ ಶಾಶ್ವತವಾಗಿ ಹೋಯಿತು. ಆಗ ಅವರ ವಯಸ್ಸು 28.

ಡ್ರಮ್ಸ್ ವಾದನ ಕೈಗಳದ್ದಷ್ಟೇ ಅಲ್ಲ, ಕಾಲುಗಳದ್ದೂ ಹೌದು. ದೊಡ್ಡ ಡ್ರಮ್ಮನ್ನು ಒಂದು ಕಾಲು, ಜೋಡಿ ತಾಳವನ್ನು ಇನ್ನೊಂದು ಕಾಲು ನಿಯಂತ್ರಿಸುತ್ತವೆ. ಎರಡೂ ಕಾಲು ಹೋದ ಮೇಲೆ ಆ ವೃತ್ತಿ ಅಲ್ಲಿಗೇ ಮುಗಿದಂತೆ. ಅದೇ ವರ್ಷದ ನವೆಂಬರ್ 4ರಂದು ಪಿಂಕ್ ಫ್ಲಾಯ್ಡ್ ಮತ್ತು ಸಾಫ್ಟ್ ಮಷೀನ್ ತಂಡಗಳು ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ವಯಾಟ್ ನೆರವಿಗಾಗಿ ಒಂದೇ ದಿನ ಎರಡು ಕಾರ್ಯಕ್ರಮ ನೀಡಿದವು.

1974ರ ಜುಲೈ 26ರಂದು ‘ರಾಕ್ ಬಾಟಮ್’ ಬಿಡುಗಡೆಯಾಯಿತು. ಅದೇ ದಿನ ವಯಾಟ್ ತಮ್ಮ ಸಂಗಾತಿ, ಕಲಾವಿದೆ ಆಲ್ಫ್ರೀಡಾ ಬೆಂಜ್ ಅವರನ್ನು ಮದುವೆಯಾದರು. ಆಲ್ಬಂನ ಮುಖಪುಟದ ಚಿತ್ರ ಬರೆದವರೂ ಆಕೆಯೇ.

ದಂತಕಥೆ ಮತ್ತು ದಿನಾಂಕ

ಇನ್ನು ಕೆಳಗಿಳಿಯಲು ಜಾಗವೇ ಇಲ್ಲದ ತಳ ಎಂಬುದು ಆಲ್ಬಂನ ಹೆಸರಿನ ಅರ್ಥ. ಬಿದ್ದವನು ಇಟ್ಟ ಹೆಸರು ಎಂದಾಗ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಂತೆ ತೋರುತ್ತದೆ. ಆದರೆ ದಿನಾಂಕಗಳು ಬೇರೆಯದೇ ಕಥೆ ಹೇಳುತ್ತವೆ. ಈ ಆಲ್ಬಂನ ಸಂಗೀತದ ಬಹುಭಾಗ ರೂಪುಗೊಂಡದ್ದು ಅಪಘಾತಕ್ಕೂ ಮೊದಲು, ಇಟಲಿಯ ವೆನಿಸ್‌ನಲ್ಲಿ. ನಿಕೊಲಸ್ ರೋಗ್ ನಿರ್ದೇಶನದ ‘ಡೋಂಟ್ ಲುಕ್ ನೌ’ ಚಿತ್ರದ ಕೆಲಸಕ್ಕೆಂದು ಆಲ್ಫ್ರೀಡಾ ಅಲ್ಲಿಗೆ ಹೋಗಿದ್ದರು. ಆಕೆ ಕೊಡಿಸಿದ ಪುಟ್ಟ ಕೀಬೋರ್ಡ್ ಮುಂದೆ ಕುಳಿತು, ಸುತ್ತ ನೀರೇ ತುಂಬಿದ ಊರಿನಲ್ಲಿ ವಯಾಟ್ ರಾಗ ಕಟ್ಟುತ್ತಿದ್ದರು. ಆಲ್ಬಂನಲ್ಲಿ ಕಡಲಿನ ಪ್ರಸ್ತಾಪ ಬರುವುದು ಆಕಸ್ಮಿಕವೇನಲ್ಲ.

ಹಾಗಾದರೆ ಅಪಘಾತಕ್ಕೂ ಈ ಸಂಗೀತಕ್ಕೂ ನಂಟೇ ಇಲ್ಲವೇ? ಇದೆ. ಆದರೆ ಅದು ದಂತಕಥೆ ಹೇಳುವಂಥ ನಂಟಲ್ಲ. ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲಿ ವಯಾಟ್ ಅಲ್ಲಿನ ಪಿಯಾನೋ ಬಳಿ ಕುಳಿತು ರಚನೆಗಳನ್ನು ಮುಂದುವರಿಸಿದರು. ಮೊದಲು ಇವನ್ನು ತಂಡಕ್ಕೆಂದು ಯೋಚಿಸಲಾಗಿತ್ತು. ಈಗ ಊರೂರು ಸುತ್ತುವ ತಂಡವೇ ಸಾಧ್ಯವಿರಲಿಲ್ಲ. ಹೀಗಾಗಿ ಹಾಡಿಗೊಬ್ಬರಂತೆ ಗೆಳೆಯರನ್ನು ಕರೆದು, ಕೀಬೋರ್ಡ್ ಮತ್ತು ದನಿಯನ್ನು ಮುಂದಿಟ್ಟು ಧ್ವನಿಮುದ್ರಣ ಮಾಡಿದರು. ಅಪಘಾತ ರಾಗಗಳನ್ನು ಕೊಡಲಿಲ್ಲ. ಅವನ್ನು ಹಾಡುವ ಬಗೆಯನ್ನು ಬದಲಿಸಿತು.

ಈ ವ್ಯತ್ಯಾಸ ಸಣ್ಣದಲ್ಲ. ಆಲ್ಬಂ ಕೇವಲ ದುರಂತದ ಫಲ ಎಂದರೆ ಕಲಾವಿದನ ವರ್ಷಗಟ್ಟಲೆ ದುಡಿಮೆಯನ್ನು ಒಂದು ರಾತ್ರಿಯ ಲೆಕ್ಕಕ್ಕೆ ಬರೆದಂತಾಗುತ್ತದೆ.

ಆರು ಹಾಡುಗಳ ಒಳಗೆ

ಆಲ್ಬಂನಲ್ಲಿರುವುದು ಆರೇ ಹಾಡು. ಒಟ್ಟು ಅವಧಿ 40 ನಿಮಿಷದೊಳಗೆ. ಮೊದಲನೆಯದಾದ ‘ಸೀ ಸಾಂಗ್’ನ ಕೊನೆಯಲ್ಲಿ ಪದಗಳು ಮುಗಿದರೂ ದನಿ ನಿಲ್ಲುವುದಿಲ್ಲ. ಎತ್ತರದ, ತುಸು ಬಿರುಕು ಬಿಟ್ಟಂತಿರುವ ಆ ಕಂಠ ಸ್ವರಗಳಲ್ಲೇ ಅಲೆಯುತ್ತದೆ. ಆಲಾಪ ಕೇಳಿ ಬೆಳೆದ ಕಿವಿಗೆ ಇದು ಪರಕೀಯವೆನಿಸದು.

ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಮೊಂಗೆಝಿ ಫೆಝಾ ಅವರ ಟ್ರಂಪೆಟ್ ಮೂರನೆಯ ಹಾಡನ್ನು ತುಂಬಿಕೊಂಡಿದೆ. ಕೊನೆಯ ಹಾಡಿನಲ್ಲಿ ಮೈಕ್ ಓಲ್ಡ್‌ಫೀಲ್ಡ್ ಗಿಟಾರ್, ಫ್ರೆಡ್ ಫ್ರಿತ್ ವಯೋಲಾ ನುಡಿಸಿದ್ದಾರೆ. ನಡುವಿನ ಜೋಡಿ ಹಾಡುಗಳಾದ ‘ಆಲಿಫಿಬ್’ ಮತ್ತು ‘ಆಲಿಫಿ’ಗಳ ಹೆಸರು ಬಂದದ್ದು ಆಲ್ಫ್ರೀಡಾ ಅವರ ಅಡ್ಡಹೆಸರು ‘ಆಲ್ಫಿ’ಯಿಂದ. ಅರ್ಥವಿಲ್ಲದ ಮಕ್ಕಳ ಮಾತಿನಂಥ ಪದಗಳಲ್ಲಿ ಆತ ಆಕೆಯನ್ನು ಕರೆಯುತ್ತಾ ಹೋಗುತ್ತಾರೆ. ಕೊನೆಗೆ ಆಲ್ಫ್ರೀಡಾ ತಾವೇ ದನಿಯೆತ್ತಿ, ಗದರಿಕೆ ಬೆರೆತ ಉತ್ತರ ಕೊಡುತ್ತಾರೆ. ಇನ್ನೊಬ್ಬರನ್ನು ನೆಚ್ಚಿ ಬದುಕುವುದರ ಸುಖ, ಸಂಕೋಚ, ಜಗಳ ಎಲ್ಲವೂ ಅಲ್ಲಿವೆ. ಹದಿನೆಂಟರಲ್ಲಿ ಕೇಳಿದ್ದರೆ ಇದನ್ನು ದಾಟಿಸಿ ಮುಂದಿನ ಹಾಡಿಗೆ ಹೋಗುತ್ತಿದ್ದೆವೇನೋ. ಸಂಸಾರ ಕಂಡವರಿಗೆ ಅದು ಸಾಧ್ಯವಾಗದು.

ತಡವಾಗುವುದೇಕೆ?

ಮೊದಲ ಕಾರಣ, ವಯಾಟ್ ವೇದಿಕೆ ಏರಿದ್ದೇ ಅಪರೂಪ. 1974ರ ಸೆಪ್ಟೆಂಬರ್ 8ರಂದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ತಮ್ಮ ಹೆಸರಿನಲ್ಲಿ ಕಛೇರಿ ನೀಡಿದ ಅವರು, ನಂತರ ಅಲ್ಲೊಮ್ಮೆ ಇಲ್ಲೊಮ್ಮೆ ಅತಿಥಿಯಾಗಿ ಮಾತ್ರ ಕಾಣಿಸಿಕೊಂಡರು. ಆ ಕಛೇರಿಯ ಧ್ವನಿಮುದ್ರಿಕೆ ಅಧಿಕೃತವಾಗಿ ಹೊರಬಂದದ್ದು 2005ರಲ್ಲಿ.

ಎರಡನೆಯದು, ಅವರ ಕೃತಿಗಳು ವರ್ಜಿನ್, ರಫ್ ಟ್ರೇಡ್, ಹ್ಯಾನಿಬಲ್, ಡಾಮಿನೋ ಎಂದು ನಾನಾ ಕಂಪನಿಗಳಲ್ಲಿ ಹಂಚಿಹೋಗಿದ್ದವು. ಆಲ್ಬಂಗಳ ನಡುವೆ ವರ್ಷಗಳ ಅಂತರವೂ ಇತ್ತು. ಈ ವರದಿಗಾರನ ಕಾಲೇಜು ದಿನಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟುತ್ತಿದ್ದ ಹಾಡುಗಳಲ್ಲಿ ಪಿಂಕ್ ಫ್ಲಾಯ್ಡ್ ಇತ್ತು, ವಯಾಟ್ ಇರಲಿಲ್ಲ.

ಮೂರನೆಯದು ದಾರಿಗಳದ್ದು. ಅವರನ್ನು ತಲುಪುವ ದಾರಿಗಳೆಲ್ಲ ಬೇರೆಯವರ ಮನೆಯ ಮೂಲಕವೇ ಹಾದುಹೋಗುತ್ತವೆ. ಫಾಕ್‌ಲ್ಯಾಂಡ್ಸ್ ಯುದ್ಧದ ಹಿನ್ನೆಲೆಯ, ಎಲ್ವಿಸ್ ಕಾಸ್ಟೆಲೊ ಸಾಹಿತ್ಯವಿರುವ ‘ಶಿಪ್‌ಬಿಲ್ಡಿಂಗ್’ (1982) ಹಾಡಿನಿಂದ ಕೆಲವರು ಬಂದರು. ಬ್ಯೋರ್ಕ್ ಅವರ ‘ಮೆಡುಲ್ಲಾ’ (2004) ಆಲ್ಬಂನಲ್ಲಿ ಈ ದನಿ ಕೇಳಿ ಹೊಸ ಪೀಳಿಗೆಯವರು ಬಂದರು. ಡೇವಿಡ್ ಗಿಲ್ಮರ್ ಅವರ ‘ಆನ್ ಆ್ಯನ್ ಐಲ್ಯಾಂಡ್’ (2006) ಮತ್ತೊಂದು ಬಾಗಿಲು.

ನಷ್ಟವೇನು, ಲಾಭವೇನು?

ನಷ್ಟವಂತೂ ಇದೆ. 2007ರಲ್ಲಿ ‘ಕಾಮಿಕೊಪೆರಾ’ ಹೊರತಂದ ವಯಾಟ್, 2014ರಲ್ಲಿ ಸಂಗೀತ ರಚನೆಯನ್ನು ನಿಲ್ಲಿಸಿರುವುದಾಗಿ ತಿಳಿಸಿದರು. ಹೊಸ ಆಲ್ಬಂಗಾಗಿ ಕಾಯುವ ಸುಖ ತಡವಾಗಿ ಬಂದವರಿಗಿಲ್ಲ.

ಲಾಭವೂ ಇದೆ. ಇಡೀ ಜೀವಿತದ ಕೆಲಸ ಒಟ್ಟಿಗೆ ಕಣ್ಣಮುಂದಿರುತ್ತದೆ. ‘ರಾಕ್ ಬಾಟಮ್’ ಒಂದನ್ನೇ ಕೇಳಿದವರಿಗೆ ವಯಾಟ್ ದುರಂತ ನಾಯಕ. ‘ಶ್ಲೀಪ್’ (1997), ‘ಕುಕೂಲ್ಯಾಂಡ್’ (2003) ಕೇಳಿದವರಿಗೆ ಆತ ನಗುವ, ಸಿಟ್ಟಾಗುವ, ರಾಜಕೀಯ ಮಾತನಾಡುವ, ಹೆಂಡತಿಯ ಸಾಹಿತ್ಯಕ್ಕೆ ರಾಗ ಹಾಕುವ ಮನುಷ್ಯ. ಗಾಲಿಕುರ್ಚಿ ಅವರ ಬದುಕಿನ ಒಂದು ಸಂಗತಿಯಷ್ಟೇ, ಪೂರ್ತಿ ಬದುಕಲ್ಲ.

ಹೊಸದಾಗಿ ಕೇಳಬಯಸುವವರಿಗೆ ಒಂದು ಸಲಹೆ: ‘ಶ್ಲೀಪ್’ನಿಂದ ಆರಂಭಿಸಿ, ಆಮೇಲೆ ‘ರಾಕ್ ಬಾಟಮ್’ಗೆ ಬನ್ನಿ. ಈಗಾಗಲೇ ಈ ಲೇಖನ ಓದಿ ಕಥೆ ತಿಳಿದುಬಿಟ್ಟಿದ್ದರೆ ಚಿಂತೆ ಬೇಡ. ನಾಲ್ಕಾರು ಬಾರಿ ಕೇಳುವಷ್ಟರಲ್ಲಿ ಕಥೆ ಹಿಂದೆ ಸರಿದು, ಹಾಡು ಮಾತ್ರ ಉಳಿಯುತ್ತದೆ.